ಎತ್ತಿಗೆ ಜ್ವರ, ಎಮ್ಮೆಗೆ ಬರೆ

ಕೇರಳದಲ್ಲಿ ಚೆ ಗೆವಾರನ ಮುಖ ಕಾಣದ ಊರಿಲ್ಲ. ಕ್ಯೂಬಾದ ಮೇಲಿನ ಅಮೆರಿಕದ ದಿಗ್ಬಂಧನವನ್ನು ಬೈಯುವುದು ಇಲ್ಲಿನವರಿಗೆ ಬಾಯಿಪಾಠ. ನಾನು ಕೊಚ್ಚಿಯಲ್ಲಿ ದುಡಿಯುವ ಕನ್ನಡಿಗ. ತಿಂಗಳಿಗೊಮ್ಮೆಯಾದರೂ ತಿರುವನಂತಪುರಕ್ಕೆ ಓಡಾಟ. ನನ್ನ ಹೊಟ್ಟೆಪಾಡು ನಡೆಯುವುದೇ ಈ ನಿರ್ಬಂಧಗಳಿಂದ. ಬ್ಯಾಂಕುಗಳ ಮೂಲಕ ಹೋಗುವ ಹಣದಲ್ಲಿ ನಿರ್ಬಂಧಿತರ ಹೆಸರು ಇದೆಯೇ ಎಂದು ಜಾಲಾಡುವ ಸಾಫ್ಟ್‌ವೇರ್ ನೋಡಿಕೊಳ್ಳುವುದು ನನ್ನ ಕೆಲಸ. ಹಾಗಾಗಿ ಘೋಷಣೆ ಕೂಗುವವರಿಗೂ, ನಿರ್ಬಂಧವೇ ಮಾನವ ಹಕ್ಕಿಗೆ ಮದ್ದು ಎನ್ನುವವರಿಗೂ ನಾಲ್ಕು ಮಾತು ಹೇಳಬೇಕಿದೆ.

ಮೊದಲು ಕ್ಯೂಬಾ. 1992ರ ಅಮೆರಿಕದ ಕಾನೂನಿನ ಹೆಸರಿನಲ್ಲೇ ‘ಪ್ರಜಾಪ್ರಭುತ್ವ’ ಇದೆ. 1996ರ ಹೆಲ್ಮ್ಸ್-ಬರ್ಟನ್ ಕಾನೂನು ಇನ್ನೂ ಮುಂದೆ ಹೋಗಿ, ಕ್ಯಾಸ್ಟ್ರೋ ಸಹೋದರರಿಲ್ಲದ ಸರಕಾರ ಬರುವವರೆಗೆ ದಿಗ್ಬಂಧನ ಸಡಿಲವಾಗದು ಎಂದಿತು. ಫಿಡೆಲ್ ಕ್ಯಾಸ್ಟ್ರೋ ಅಧಿಕಾರವನ್ನು ತಮ್ಮನಿಗೆ ಕೊಟ್ಟು, 2016ರಲ್ಲಿ ತೊಂಬತ್ತು ತುಂಬಿಸಿಕೊಂಡು ತೀರಿಕೊಂಡ. ಪ್ರಜಾಪ್ರಭುತ್ವ ಮಾತ್ರ ಬರಲಿಲ್ಲ. 2021ರ ಜುಲೈ 11ರಂದು ಅನ್ನ, ಔಷಧ, ವಿದ್ಯುತ್ತು ಕೇಳಿ ಬೀದಿಗಿಳಿದ ನೂರಾರು ಜನರನ್ನು ಅಲ್ಲಿನ ಸರಕಾರ ಜೈಲಿಗೆ ಹಾಕಿತು. ಎಲ್ಲಕ್ಕೂ ದಿಗ್ಬಂಧನವೇ ಕಾರಣ ಎಂದಿತು. ಆಳುವವನಿಗೆ ಇದಕ್ಕಿಂತ ಒಳ್ಳೆಯ ನೆವ ಎಲ್ಲಿ ಸಿಗುತ್ತದೆ? ಆ ಕೈದಿಗಳ ಪರವಾಗಿ ಕೇರಳದ ಒಂದು ಗೋಡೆಯ ಮೇಲೂ ನಾನು ಒಂದು ಸಾಲು ಕಂಡಿಲ್ಲ. ದಿಗ್ಬಂಧನ ತಪ್ಪು ಎನ್ನುವವರಿಗೆ ಜೈಲೂ ತಪ್ಪು ಎನ್ನಲು ಏನು ಅಡ್ಡಿ?

ಇನ್ನು ಎರಡನೆಯವರಿಗೆ. ಅನ್ನಕ್ಕೂ ಔಷಧಕ್ಕೂ ಕಾನೂನಿನಲ್ಲೇ ವಿನಾಯಿತಿ ಇದೆಯಲ್ಲ ಎಂದು ನೀವು ಹೇಳುತ್ತೀರಿ. ಇರಾನಿಗೆ ಹೋಗುವ ಔಷಧಕ್ಕೂ ಇದೆ, ನಿಜ. ಆದರೆ ಕಾನೂನು ತೆರೆದಿಟ್ಟ ಬಾಗಿಲನ್ನು ಬ್ಯಾಂಕು ಮುಚ್ಚುತ್ತದೆ. ಸುಡಾನ್, ಇರಾನ್, ಕ್ಯೂಬಾಗಳ ವಹಿವಾಟು ನಡೆಸಿದ್ದಕ್ಕಾಗಿ ಬಿಎನ್‌ಪಿ ಪರಿಬಾ ಬ್ಯಾಂಕು 2014ರಲ್ಲಿ ಅಮೆರಿಕಕ್ಕೆ ಸುಮಾರು 890 ಕೋಟಿ ಡಾಲರ್ ದಂಡ ತೆರಲು ಒಪ್ಪಿತು. ಒಂದು ಪೆಟ್ಟಿಗೆ ಔಷಧದ ಹಣ ದಾಟಿಸಿದರೆ ಸಿಗುವ ಕಮಿಷನ್ ಎಷ್ಟು? ಅದಕ್ಕಾಗಿ ಇಂಥ ದಂಡದ ಭಯ ಯಾರಿಗೆ ಬೇಕು? ‘ತಪ್ಪಲ್ಲ, ಆದರೂ ಬೇಡ’ ಎನ್ನುವುದು ಬ್ಯಾಂಕಿನ ಲೆಕ್ಕಾಚಾರ. ಆ ‘ಬೇಡ’ದಿಂದ ನರಳುವವನು ರೋಗಿ, ಮಂತ್ರಿಯಲ್ಲ.

ಇದು ನಮ್ಮ ಬಾಗಿಲಿಗೂ ಬರುತ್ತದೆ. ಮುಹಮ್ಮದ್, ಹುಸೇನ್ ಎಂಬ ಹೆಸರುಗಳನ್ನು ರೋಮನ್ ಲಿಪಿಯಲ್ಲಿ ಹತ್ತು ಬಗೆಯಲ್ಲಿ ಬರೆಯುತ್ತಾರೆ. ಪಟ್ಟಿಯಲ್ಲಿರುವ ಯಾವನೋ ಒಬ್ಬನ ಹೆಸರಿಗೆ ಹೋಲಿದರೆ ಸಾಕು, ಗಲ್ಫ್‌ನಲ್ಲಿ ಬೆವರು ಸುರಿಸುವ ಮಲಪ್ಪುರಂನವನ ಹಣ ನಿಂತುಬಿಡುತ್ತದೆ. ಪಾಸ್‌ಪೋರ್ಟ್ ಪ್ರತಿ ಕೊಡು, ಹುಟ್ಟಿದ ತಾರೀಕು ಕೊಡು, ನೀನು ನೀನೇ ಎಂದು ರುಜುವಾತು ಮಾಡು! ಕೊನೆಗೆ ‘ಇವನು ಅವನಲ್ಲ’ ಎಂದು ನಾವು ಬಿಡುವಷ್ಟರಲ್ಲಿ ಮಗಳ ಕಾಲೇಜು ಫೀಸಿನ ಗಡುವು ಮುಗಿದಿರುತ್ತದೆ. ದುಡ್ಡಿರುವ ಸೇನಾಧಿಪತಿ ಬೇರೆಯವರ ಹೆಸರಿನಲ್ಲಿ ಕಂಪನಿ ತೆರೆಯುತ್ತಾನೆ. ಕೂಲಿಯವನಿಗೆ ಇರುವುದು ಒಂದೇ ಹೆಸರು.

ಒತ್ತಡ ಬಿದ್ದರೆ ದೇಶ ಬಗ್ಗುತ್ತದೆ ಎನ್ನುವವರು ತಿರುವನಂತಪುರವನ್ನು ನೋಡಲಿ. 1992ರ ಮೇ ತಿಂಗಳಲ್ಲಿ ರಷ್ಯಾದಿಂದ ಕ್ರಯೋಜೆನಿಕ್ ಎಂಜಿನ್ ತಂತ್ರಜ್ಞಾನ ಕೊಳ್ಳಲು ಹೊರಟ ಇಸ್ರೋ ಮೇಲೆ ಅಮೆರಿಕ ಎರಡು ವರ್ಷದ ನಿರ್ಬಂಧ ಹೇರಿತು. ಅಲ್ಲಿದ್ದ ನೆಪ ಮಾನವ ಹಕ್ಕಲ್ಲ, ಕ್ಷಿಪಣಿ. ಆಯುಧ ಮಾತ್ರ ಇದೇ. ರಷ್ಯಾ ಹಿಂದೆ ಸರಿಯಿತು. 1998ರ ಪೋಖ್ರಾನ್ ಬಳಿಕವೂ ನಿರ್ಬಂಧಗಳು ಬಂದವು. ವಿಕ್ರಂ ಸಾರಾಭಾಯಿ ಬಾಹ್ಯಾಕಾಶ ಕೇಂದ್ರ ಅಮೆರಿಕದ ಪಟ್ಟಿಯಿಂದ ಹೊರಬಂದದ್ದು 2011ರಲ್ಲಿ. ಆಗ ನಾವು ಕೈಮುಗಿದು ತಪ್ಪಾಯಿತು ಎಂದೆವೇ? ಹಠ ಹಿಡಿದೆವು. 2014ರ ಜನವರಿಯಲ್ಲಿ ನಮ್ಮದೇ ಕ್ರಯೋಜೆನಿಕ್ ಎಂಜಿನ್ ಹೊತ್ತ ಜಿಎಸ್‌ಎಲ್‌ವಿ ಗುರಿ ಮುಟ್ಟಿತು. ನಮಗಿದ್ದ ಸ್ವಾಭಿಮಾನ ಟೆಹರಾನಿನವರಿಗೆ, ಹವಾನಾದವರಿಗೆ ಇರುವುದಿಲ್ಲವೇ?

ಹಾಗಾದರೆ ದಕ್ಷಿಣ ಆಫ್ರಿಕಾ? ಈ ಪ್ರಶ್ನೆ ನ್ಯಾಯವಾದದ್ದು. 1946ರಲ್ಲಿ, ಸ್ವಾತಂತ್ರ್ಯ ಬರುವ ಮೊದಲೇ, ಆ ದೇಶದ ಜತೆ ವ್ಯಾಪಾರ ಕಡಿದುಕೊಂಡದ್ದು ಭಾರತ. ಅದರ ನಷ್ಟ ನಾವೂ ಹೊತ್ತೆವು. 1959ರಲ್ಲಿ ನಮ್ಮ ಸರಕು ಕೊಳ್ಳಬೇಡಿ ಎಂದು ಜಗತ್ತನ್ನು ಕೇಳಿಕೊಂಡವರು ಅಲ್ಲಿನ ಕಪ್ಪು ಜನರ ನಾಯಕರೇ. 1986ರಲ್ಲಿ ರೇಗನ್ ವೀಟೋ ಮೀರಿ ಅಮೆರಿಕದ ಕಾಂಗ್ರೆಸ್ ಕಾನೂನು ಮಾಡಿದಾಗ, ಏನು ಮಾಡಿದರೆ ನಿರ್ಬಂಧ ತೆಗೆಯುತ್ತೇವೆ ಎಂಬುದೂ ಅದರಲ್ಲಿತ್ತು. ಮಂಡೇಲಾ ಬಿಡುಗಡೆ ಅದರಲ್ಲೊಂದು. ನೊಂದವರೇ ಕೇಳಿದ್ದರು, ಹೇರಿದವರೂ ನಷ್ಟ ಹೊತ್ತರು, ಹೊರಬರುವ ದಾರಿ ಸ್ಪಷ್ಟವಿತ್ತು. ಈ ಮೂರೂ ಇದ್ದರೆ ನಾನೂ ನಿರ್ಬಂಧದ ಪರ.

ನಾಲ್ಕನೆಯದೊಂದಿದೆ: ಸ್ನೇಹಿತನಿಗೂ ವೈರಿಗೂ ಒಂದೇ ತಕ್ಕಡಿ. ಇಡೀ ದೇಶವನ್ನು ಬಿಟ್ಟು ತಪ್ಪಿತಸ್ಥರನ್ನಷ್ಟೇ ಹಿಡಿಯುವ 2016ರ ಗ್ಲೋಬಲ್ ಮ್ಯಾಗ್ನಿಟ್‌ಸ್ಕಿ ಕಾನೂನು ಒಳ್ಳೆಯ ಯೋಚನೆಯೇ. ಆದರೆ ಪತ್ರಕರ್ತ ಜಮಾಲ್ ಖಶೋಗಿಯ ಕೊಲೆಗಾಗಿ 2018ರಲ್ಲಿ 17 ಸೌದಿಗಳು ಪಟ್ಟಿ ಸೇರಿದರು. ಆ ಕಾರ್ಯಾಚರಣೆಗೆ ಒಪ್ಪಿಗೆ ಕೊಟ್ಟವನು ಯುವರಾಜ ಎಂದು ಅಮೆರಿಕದ ಗುಪ್ತಚರರೇ 2021ರಲ್ಲಿ ವರದಿ ಕೊಟ್ಟರೂ ಅವನ ಹೆಸರು ಸೇರಲಿಲ್ಲ. 2025ರಲ್ಲಿ ಅದೇ ಕಾನೂನನ್ನು ಬ್ರೆಜಿಲ್‌ನ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಯ ಮೇಲೆ ಬಿಟ್ಟರು. ಅವರು ಮಾಡುತ್ತಿದ್ದ ಕೆಲಸ? ಚುನಾವಣೆ ಸೋತ ಮೇಲೂ ಅಧಿಕಾರ ಹಿಡಿಯಲು ಸಂಚು ಹೂಡಿದ ಆರೋಪದ ಮೇಲೆ ಮಾಜಿ ಅಧ್ಯಕ್ಷರ ವಿಚಾರಣೆ.

ಭಾರತಕ್ಕೂ ಇಂಥದೊಂದು ಕಾನೂನು ಬೇಕು ಎನ್ನುವ ಗೆಳೆಯರು ನನಗಿದ್ದಾರೆ. ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಹೇಳಿದ್ದನ್ನು ಜಾರಿ ಮಾಡಲು ನಮ್ಮಲ್ಲಿ 1947ರ ಕಾನೂನಿದೆ. ಸದ್ಯಕ್ಕೆ ಅಷ್ಟು ಸಾಕು. 2015ರಲ್ಲಿ, ಭೂಕಂಪದಿಂದ ಇನ್ನೂ ಚೇತರಿಸಿಕೊಳ್ಳದ ನೇಪಾಳಕ್ಕೆ ಗಡಿಯಲ್ಲಿ ಪೆಟ್ರೋಲು, ಅಡುಗೆ ಅನಿಲ ನಿಂತುಹೋದಾಗ ಅದು ನಮ್ಮ ಕೆಲಸವಲ್ಲ ಎಂದೆವು. ಕಠ್ಮಂಡುವಿನ ಜನ ನಂಬಲಿಲ್ಲ.

ಓದುಗರಲ್ಲಿ ಬಹಳ ಜನ ನನ್ನಂತೆಯೇ ಐಟಿಯಲ್ಲಿ, ಬ್ಯಾಂಕಿನಲ್ಲಿ ಇರುವವರು. ಕಾನೂನು ಬದಲಿಸುವುದು ನಮ್ಮ ಕೈಯಲ್ಲಿಲ್ಲ. ಆದರೆ ತಪ್ಪಾಗಿ ನಿಂತ ಹಣ ಎಷ್ಟು ದಿನದಲ್ಲಿ ಬಿಡುಗಡೆಯಾಗಬೇಕು, ಕಾನೂನೇ ಬಿಟ್ಟ ಔಷಧದ ಹಣವನ್ನು ಯಾಕೆ ತಡೆದೆವು ಎಂದು ಮೀಟಿಂಗಿನಲ್ಲಿ ಕೇಳುವುದು ನಮ್ಮ ಕೈಯಲ್ಲಿದೆ. ಜ್ವರ ಬಂದದ್ದು ಎತ್ತಿಗೆ. ಬರೆಯ ಕಬ್ಬಿಣ ಕಾಯಿಸಿ ಕೊಡುತ್ತಿರುವ ಕೈಗಳಲ್ಲಿ ನಮ್ಮದೂ ಇದೆ.