ನೀರು ಬಿಸಿ ಇದ್ರೆ ಸಾಕಾ, ಬಚ್ಚಲು ಬೆಚ್ಚಗಿರೋದು ಬೇಡ್ವಾ?

ನಮ್ಮ ತೀರ್ಥಹಳ್ಳಿ ಕಡೆ ಈಗ ಬಚ್ಚಲಮನೆ ರಿಪೇರಿ ಅಂದ್ರೆ ಟೈಲ್ಸ್ ಅಂಗಡಿಗೆ ಹೋಗೋದು ಅಂತಲೇ ಆಗಿದೆ. ಗೋಡೆಗೆ ಯಾವ ಬಣ್ಣ, ಶವರ್ ಎಷ್ಟು ದೊಡ್ಡದು ಅಂತ ವಾರಗಟ್ಟಲೆ ಮಾತಾಡ್ತಾರೆ. ಅಲ್ಲಿ ಕೂತು ಮೀಯೋರಿಗೆ ಚಳಿ ಆಗತ್ತಾ ಅಂತ ಮಾತ್ರ ಒಬ್ರೂ ಕೇಳಲ್ಲ. ನಾನು ಹೇಳೋದು ಇಷ್ಟೇ. ಹಂಡೆ ಒಲೆ ತೆಗೆಸೋ ಮನೆಯಲ್ಲಿ ಗೀಸರ್ ಜೊತೆಗೆ ಬಚ್ಚಲು ಬೆಚ್ಚಗೆ ಮಾಡೋ ಕರೆಂಟ್ ಹೀಟರಿಗೂ ಒಂದು ಲೈನ್ ಎಳೆಸಲೇಬೇಕು. ವಯಸ್ಸಾದೋರು, ಬಾಣಂತಿ, ಮಗು ಇರೋ ಮನೆಯಲ್ಲಿ ಅದು ಶೋಕಿ ಅಲ್ಲ.

ಹಳೇ ಬಚ್ಚಲು ನೆನಪು ಮಾಡ್ಕೊಳ್ಳಿ. ಅಡಿಕೆ ಸಿಪ್ಪೆ, ತೆಂಗಿನ ಮಟ್ಟೆ ಹಾಕಿ ಬೆಳಗಿನ ಜಾವ ಬೆಂಕಿ ಮಾಡಿದ್ರೆ ಹಂಡೆಯ ನೀರು ಮಾತ್ರ ಅಲ್ಲ, ಒಲೆ ಕಟ್ಟೆ, ಗೋಡೆ, ಕಾಲಡಿ ಕಲ್ಲು ಎಲ್ಲ ಕಾಯ್ತಿತ್ತು. ಗೀಸರ್ ಬಿಸಿಯೆಲ್ಲ ಟ್ಯಾಂಕಿನ ಒಳಗೇ. ಹೊರಗೆ ತಣ್ಣನೆ ಟೈಲ್ಸು, ಒದ್ದೆ ನೆಲ. ಒಲೆ ಹೋಗಿದ್ದಕ್ಕೆ ನಂಗೇನೂ ಬೇಜಾರಿಲ್ಲ. ಸೌದೆ ಹೊತ್ತು, ಊದಿ ಊದಿ ಕಣ್ಣು ಕೆಂಪು ಮಾಡ್ಕೊಂಡೋರು ನಾವೇ ಅಲ್ವಾ? ಆದ್ರೆ ಒಲೆ ಎರಡು ಕೆಲಸ ಮಾಡ್ತಿತ್ತು, ಗೀಸರ್ ಒಂದೇ ಮಾಡತ್ತೆ. ಇನ್ನೊಂದನ್ನ ಯಾರು ಮಾಡ್ತಾರೆ?

ಕಷ್ಟ ಬೀಳೋದು ಬಾಯಿಬಿಟ್ಟು ಹೇಳದೋರ ಮೇಲೆ. ನನ್ನ ಅಕ್ಕನ ಅತ್ತೆ ಮಿಂದು ದೀಪ ಹಚ್ಚದೆ ಕಾಫಿ ಕುಡಿದೋರಲ್ಲ. ಹೊಸ ಬಚ್ಚಲಾದ ಮೇಲೆ ಧನುರ್ಮಾಸದಲ್ಲಿ ‘ಇವತ್ತು ನೆಗಡಿ’, ‘ನಾಳೆ ಮೀಯ್ತೀನಿ’ ಅನ್ನೋಕೆ ಶುರು ಮಾಡಿದ್ರು. ಮನೆಯವರೆಲ್ಲ ಮರೆವು ಬಂತು ಅಂದ್ಕೊಂಡ್ರು. ನಾನು ಪಕ್ಕದಲ್ಲಿ ಕೂತು ಕೇಳಿದಾಗ, ‘ಸೀರೆ ಬಿಚ್ಚಿದ ತಕ್ಷಣ ಹಲ್ಲು ಕಟಕಟ ಅನ್ನತ್ತೆ ಕಣೆ. ಇಷ್ಟು ದುಡ್ಡು ಹಾಕಿದಾರೆ, ಹೆಂಗೆ ಹೇಳ್ಲಿ?’ ಅಂದ್ರು. ಮರೆವೂ ಅಲ್ಲ ಎಂತದೂ ಅಲ್ಲ, ಚಳಿ.

ಇದು ಬರೀ ನಡುಕದ ಮಾತಲ್ಲ. ಚಳಿಗೆ ರಕ್ತನಾಳ ಬಿಗಿದು ಬಿಪಿ ಏರತ್ತೆ, ಮೈಮೇಲೆ ಬಿಸಿನೀರು ಬಿದ್ದಾಗ ಇಳಿಯತ್ತೆ. ಈ ಏರಿಳಿತದಲ್ಲಿ ತಲೆ ಸುತ್ತಿ ಬಿದ್ರೆ ಮುದುಕರ ಸೊಂಟದ ಮೂಳೆ ಉಳಿಯತ್ತಾ? ಜಪಾನಿನಲ್ಲಿ ಚಳಿಗಾಲದಲ್ಲಿ ಬಚ್ಚಲಲ್ಲೇ ಸಾಯೋ ಹಿರಿಯರು ಬಹಳ. ಅದಕ್ಕೇ ಅಲ್ಲಿ ಮೀಯೋ ಮೊದಲು ಬಚ್ಚಲು ಬೆಚ್ಚಗೆ ಮಾಡ್ಕೊಳ್ಳಿ ಅಂತ ಹೇಳ್ತಾರೆ.

ನಮ್ಮನೆಯಲ್ಲಿ ಕೆಲಸ ಶುರುವಾದಾಗ ಹೀಟರ್ ಅಂದಿದ್ದಕ್ಕೆ ‘ಇದೇನು ಕಾಶ್ಮೀರವಾ?’ ಅಂತ ನಕ್ರು. ನಾನು ಲೆಕ್ಕ ಹೇಳ್ದೆ. 2000 ವ್ಯಾಟಿನ ಹೀಟರ್ ಕಾಲು ಗಂಟೆ ಉರಿದ್ರೆ ಅರ್ಧ ಯೂನಿಟ್. ದಿನಾ ಹಾಕಿದ್ರೂ ತಿಂಗಳಿಗೆ 15 ಯೂನಿಟ್. ಒಂದು ಸಲ ಆಸ್ಪತ್ರೆಗೆ ಸೇರಿದ್ರೆ ಆಗೋ ಖರ್ಚಿನ ಮುಂದೆ ಇದು ಎಂತ? ಆಮೇಲೆ ಯಾರೂ ನಗಲಿಲ್ಲ.

ಆದ್ರೆ ಹಾಲ್‌ನಲ್ಲಿರೋ ಹೀಟರನ್ನ ಎಕ್ಸ್‌ಟೆನ್ಷನ್ ವೈರಿಗೆ ಸಿಕ್ಕಿಸಿ ಬಚ್ಚಲೊಳಗೆ ಇಡೋದು ಮಾತ್ರ ಬೇಡವೇ ಬೇಡ. ನೀರು, ಕರೆಂಟು ಎರಡೂ ಒಂದೇ ಕಡೆ. ಕೆಂಡದ ಬಾಣಲೆಯೂ ಬೇಡ, ಮುಚ್ಚಿದ ಬಚ್ಚಲಲ್ಲಿ ಅದರ ವಿಷಗಾಳಿ ಪ್ರಾಣ ತೆಗೆಯತ್ತೆ. ಬಚ್ಚಲಿಗೆ ಅಂತಲೇ ಮಾಡಿದ, ಡಬ್ಬದ ಮೇಲೆ ಐಪಿಎಕ್ಸ್4 ಅಂತ ಬರೆದಿರೋ ಹೀಟರ್ ತಗೊಳ್ಳಿ, ಅದು ನೀರು ಸಿಡಿದ್ರೆ ತಡೆಯತ್ತೆ. ಶವರಿನಿಂದ ದೂರ, ಕೈಗೆ ಸಿಗದಷ್ಟು ಎತ್ತರದಲ್ಲಿ ಗೋಡೆಗೆ ಕೂರಿಸಬೇಕು. ಸ್ವಿಚ್ ಬಾಗಿಲ ಹೊರಗೆ.

2000 ವ್ಯಾಟಿನ ಗೀಸರೂ ಹೀಟರೂ ಸೇರಿದ್ರೆ 17 ಆಂಪಿಯರ್ ಹತ್ತಿರ ಆಗತ್ತೆ, ಒಂದೇ 16 ಆಂಪಿಯರ್ ಪಾಯಿಂಟ್ ತಡೆಯಲ್ಲ. ಮೇನ್ ಬೋರ್ಡಿನಿಂದ ಬೇರೆ ಲೈನ್ ಬೇಕು. 30 ಮಿಲಿಆಂಪಿಯರಿನ ಆರ್‌ಸಿಸಿಬಿ, ಸರಿಯಾದ ಅರ್ಥಿಂಗ್ ಇಲ್ಲದೆ ಹಾಕಿಸಲೇಬೇಡಿ. ಮನೆಗೆ ಮಂಜೂರಾದ ಲೋಡ್ ಎಷ್ಟು ಅಂತ ಕರೆಂಟ್ ಬಿಲ್ಲಲ್ಲಿ ನೋಡಿ. ನಮ್ಮನೆಯಲ್ಲಿ ಮೊದಲು ಗೀಸರ್ ಹಾಕಿ, ನೀರು ಕಾದ ಮೇಲೆ ಅದನ್ನ ಆರಿಸಿ, ಆಮೇಲೆ ಹತ್ತು ನಿಮಿಷ ಹೀಟರ್ ಹಾಕ್ತೀವಿ. ಕಾಲಡಿಗೆ ಒಂದು ಮರದ ಮಣೆ ಇಟ್ರೆ ಟೈಲ್ಸಿನ ತಣ್ಣಗೂ ತಾಗಲ್ಲ.

ಮಳೆಗಾಲದಲ್ಲಿ ಮೂರು ದಿನ ಕರೆಂಟ್ ಇಲ್ದಿದ್ರೆ ಎಂತ ಮಾಡೋದು ಅಂತ ಕೇಳ್ತೀರಿ. ನಿಜ, ಆಗ ಗೀಸರೂ ಇಲ್ಲ, ಹೀಟರೂ ಇಲ್ಲ. ಹಿತ್ತಲ ಕಡೆ ಜಾಗ ಇದ್ರೆ ಹಳೇ ಹಂಡೆ ಅಲ್ಲಿ ಹೂಡಿಟ್ಟುಕೊಳ್ಳಿ, ಗುಜರಿಗೆ ಕೊಡ್ಬೇಡಿ. ಆದ್ರೆ ಆ ಮೂರು ದಿನದ ನೆಪ ಹೇಳಿ ಉಳಿದ ದಿನ ಯಾಕೆ ನಡುಗ್ಬೇಕು?

ಟೈಲ್ಸ್ ಅಂಟಿಸಿದ ಮೇಲೆ ಗೋಡೆ ಒಡೆಸೋಕೆ ಯಾರೂ ಒಪ್ಪಲ್ಲ. ಹಾಗಾಗಿ ಮೇಸ್ತ್ರಿ ಬಂದ ದಿನ ಕಾಫಿ ಕೊಟ್ಟು ಒಳಗೆ ಹೋಗ್ಬೇಡಿ, ಅಲ್ಲೇ ನಿಂತು ಹೀಟರಿನ ಜಾಗ ತೋರಿಸಿ. ಅದಕ್ಕೂ ಮೊದಲು ಮನೆಯ ಹಿರಿಯರ ಹತ್ರ ಮೀಯೋವಾಗ ಚಳಿ ಆಗತ್ತಾ ಅಂತ ಕೇಳಿ. ‘ಇಲ್ಲಪ್ಪ, ಎಂತದೂ ಇಲ್ಲ’ ಅಂತಾರೆ. ಇನ್ನೊಂದ್ಸಲ ಕೇಳಿ.