ಕಾದಂಬರಿ ಓದುವ ದೆವ್ವ

"ಕಾದಂಬರಿ ಓದಿದ್ರ ನೌಕ್ರಿ ಸಿಗ್ತದೇನ ತಂಗಿ?"

ಕಮಲಾಪುರದಿಂದ ಕಲಬುರಗಿಗೆ ಬರುವ ಬೆಳಗಿನ ಬಸ್ಸಿನಲ್ಲಿ ವಾರಕ್ಕೊಮ್ಮೆಯಾದರೂ ಯಾರಾದರೊಬ್ಬರು ಈ ಮಾತು ಕೇಳುತ್ತಾರೆ. ಕೇಳುವವರು ಬೇರೆ ಬೇರೆ, ಪ್ರಶ್ನೆ ಒಂದೇ. ಕೆಟ್ಟ ಮನಸ್ಸಿನಿಂದ ಕೇಳುವುದಿಲ್ಲ, ಅದು ನನಗೂ ಗೊತ್ತು. ಪದವಿ ಮುಗಿಸಿ, ಪರೀಕ್ಷೆಗೆ ತಯಾರಿ ಎಂದು ದಿನಾ 35 ಕಿ.ಮೀ. ಹೋಗಿಬರುವ ಹುಡುಗಿಯ ಕೈಯಲ್ಲಿ ಸಾಮಾನ್ಯ ಜ್ಞಾನದ ಗೈಡ್ ಬದಲು ಕಥೆ ಪುಸ್ತಕ ಕಂಡರೆ ಯಾರಿಗಾದರೂ ಹಾಗನ್ನಿಸೀತು. 371(ಜೆ) ಬಂದ ಮೇಲೆ ನಮ್ಮ ಕಡೆ ಬಹಳ ಮನೆಗಳಲ್ಲಿ ಸರ್ಕಾರಿ ನೌಕರಿಯ ಕನಸು ಗಟ್ಟಿಯಾಗಿದೆ. ನಮ್ಮ ಮನೆಯಲ್ಲೂ ಇದೆ. 'ಶಕ್ತಿ' ಯೋಜನೆಯ ದಯೆಯಿಂದ ಬಸ್ಸಿಗೆ ದುಡ್ಡಿಲ್ಲ, ಆದರೆ ಕೋಚಿಂಗ್ ಫೀಸು, ಓದುವ ಕೋಣೆಯ ತಿಂಗಳ ಬಾಡಿಗೆ ಅಪ್ಪನ ಜೇಬಿನಿಂದಲೇ ಹೋಗಬೇಕು. ಹಾಗಾಗಿ ನನ್ನ ಬ್ಯಾಗಿನಲ್ಲಿ ಮೇಲೆ ಗೈಡ್, ಅದರ ಕೆಳಗೆ ಕಾದಂಬರಿ.

ಓದುವವರನ್ನು ಬೆಂಬಲಿಸುವವರೂ ಇದ್ದಾರೆ. ಅವರ ಮಾತು ನನಗೆ ಇನ್ನೂ ಕಿರಿಕಿರಿ. "ಓದಲಿ ಬಿಡ್ರಿ, ಭಾಷಾ ಸುಧಾರಿಸ್ತದ, ಪ್ರಬಂಧ ಬರೀಲಾಕ ಬರ್ತದ" ಅನ್ನುತ್ತಾರೆ. ಅಂದರೆ ಅದಕ್ಕೂ ಒಂದು ಉಪಯೋಗದ ಸರ್ಟಿಫಿಕೇಟ್ ಬೇಕು! ಹುಡುಗರು ಸಂಜೆ ಎರಡು ತಾಸು ಕ್ರಿಕೆಟ್ ಆಡಿದರೆ, ರೀಲ್ಸ್ ನೋಡಿದರೆ "ಇದರಿಂದ ಏನು ಉಪಯೋಗ" ಎಂದು ಯಾರೂ ಕೇಳುವುದಿಲ್ಲ. ನಾನು ಕಾದಂಬರಿ ಓದುವುದು ಖುಷಿಗೆ. ನನ್ನ ವಾದ ಇಷ್ಟೇ, ಇದಕ್ಕಿಂತ ದೊಡ್ಡದು ಏನೂ ಇಲ್ಲ.

ಕಥೆಗಳನ್ನು ನಾವು ಏನು ಮಾಡಿಟ್ಟಿದ್ದೇವೆ ನೋಡಿ. '2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ "ಬದುಕು" ಕಾದಂಬರಿಯ ಕರ್ತೃ ಯಾರು?' ನಾನು ಕೂರುವ ಓದುವ ಕೋಣೆಯಲ್ಲಿ ಯಾರನ್ನು ಕೇಳಿದರೂ ಅರೆ ಸೆಕೆಂಡಿನಲ್ಲಿ ಉತ್ತರ ಬರುತ್ತದೆ: ಗೀತಾ ನಾಗಭೂಷಣ. ಒಂದು ಅಂಕ. ಅವರು ನಮ್ಮ ಜಿಲ್ಲೆಯ ಸಾವಳಗಿಯವರು, ಅವರ ಪಾತ್ರಗಳು ಮಾತಾಡುವುದು ನಮ್ಮ ಓಣಿಯ ಕನ್ನಡ. "ಯಾರರ ಓದೀರೇನು?" ಎಂದು ಒಂದು ದಿನ ಚಹಾ ಕುಡಿಯುವಾಗ ಗೆಳತಿಯರನ್ನು ಕೇಳಿದೆ. ನಕ್ಕರು. 2025ರಲ್ಲಿ ಬಾನು ಮುಷ್ತಾಕ್ ಅವರ ಕಥೆಗಳ ಇಂಗ್ಲಿಷ್ ಅನುವಾದ 'ಹಾರ್ಟ್ ಲ್ಯಾಂಪ್'ಗೆ ಅಂತರರಾಷ್ಟ್ರೀಯ ಬೂಕರ್ ಬಂದಾಗಲೂ ಇದೇ ಕಥೆ. ಲೇಖಕಿ, ಅನುವಾದಕಿ ದೀಪಾ ಭಾಸ್ತಿ, ಬಹುಮಾನದ ಮೊತ್ತ 50,000 ಪೌಂಡ್, ಇಬ್ಬರಿಗೂ ಸಮಪಾಲು. ಎಲ್ಲ ಬಾಯಿಪಾಠ. ಕಥೆ ಮಾತ್ರ ಯಾರಿಗೂ ಬೇಡ. ನಾನು ಹೋಗುತ್ತಿದ್ದ ಒಂದು ಗ್ರಂಥಾಲಯದಲ್ಲಿ ಕಾದಂಬರಿಯ ಕಪಾಟಿಗೆ ಬೀಗ. ಕೀಲಿ ಕೇಳಿದರೆ, "ಯಾವ ಪರೀಕ್ಷೆಗಿ ಬೇಕು?" ಎಂದು ಮರುಪ್ರಶ್ನೆ.

ನನಗೆ ಜಪಾನ್ ಹುಚ್ಚು ಹಿಡಿಸಿದ್ದು 'ತೊತ್ತೋಚಾನ್'. 2020ರ ಫೆಬ್ರವರಿಯಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯದ ಆವರಣದಲ್ಲಿ 85ನೇ ಸಾಹಿತ್ಯ ಸಮ್ಮೇಳನ ನಡೆದಾಗ ಪುಸ್ತಕ ಮಳಿಗೆಯಲ್ಲಿ ಅಕ್ಕ ಕೊಡಿಸಿದ್ದಳು. ತೆತ್ಸುಕೊ ಕುರೊಯಾನಾಗಿ ತಮ್ಮ ಶಾಲೆಯ ದಿನಗಳ ಬಗ್ಗೆ ಬರೆದದ್ದನ್ನು ವಿ. ಗಾಯತ್ರಿ ಕನ್ನಡಕ್ಕೆ ತಂದಿದ್ದಾರೆ. ಹಳೇ ರೈಲು ಡಬ್ಬಿಗಳೇ ತರಗತಿಯಾಗಿದ್ದ ಶಾಲೆ! ಬೀದರ್–ಕಲಬುರಗಿ ರೈಲು ಶುರುವಾಗಿ ನಮ್ಮೂರಿಗೂ ಒಂದು ಸ್ಟೇಷನ್ ಬಂದದ್ದು 2017ರಲ್ಲಿ. ಹೊಸ ರೈಲು ನೋಡಲು ಓಡಿ ಹೋಗಿದ್ದ ನಮಗೆ, ರೈಲಿನಲ್ಲೇ ಕೂತು ಲೆಕ್ಕ ಕಲಿಯುವ ಮಕ್ಕಳ ಮೇಲೆ ಹೊಟ್ಟೆಕಿಚ್ಚಾಗದೆ ಇರುತ್ತದೆಯೇ?

ಈಚೆಗೆ ಓದಿ ಮುಗಿಸಿದ್ದು ತೊಶಿಕಾಜು ಕವಾಗುಚಿಯ 'ಬಿಫೋರ್ ದ ಕಾಫಿ ಗೆಟ್ಸ್ ಕೋಲ್ಡ್'. ಇದನ್ನು ಇಂಗ್ಲಿಷಿನಲ್ಲಿ ಓದಿದೆ. ಕನ್ನಡ ಮಾಧ್ಯಮದವಳಾದ ನನಗೆ ಇಂಗ್ಲಿಷ್ ಕಾದಂಬರಿ ಅಂದರೆ ಮೊದಲ ಇಪ್ಪತ್ತು ಪುಟ ಕಲ್ಲು ಒಡೆದಂತೆ, ಆಮೇಲೆ ಹೇಗೋ ನೀರು ಬೀಳುತ್ತದೆ. ಟೋಕಿಯೊದ ಒಂದು ನೆಲಮಾಳಿಗೆಯ ಸಣ್ಣ ಕೆಫೆ. ಅಲ್ಲಿನ ಒಂದು ಕುರ್ಚಿಯಲ್ಲಿ ಕೂತರೆ ಬೇಕಾದ ಕಾಲಕ್ಕೆ ಹೋಗಿಬರಬಹುದು, ಆದರೆ ಕಪ್ಪಿನ ಕಾಫಿ ಆರುವುದರೊಳಗೆ ವಾಪಸ್ ಬರಬೇಕು. ಹಿಂದಕ್ಕೆ ಹೋಗಿ ಏನು ಮಾಡಿದರೂ ಇವತ್ತಿನದು ಬದಲಾಗುವುದಿಲ್ಲ. ಇನ್ನೂ ಒಂದು ತೊಡಕಿದೆ: ಆ ಕುರ್ಚಿಯಲ್ಲಿ ಯಾವಾಗಲೂ ಬಿಳಿ ಉಡುಪಿನ ದೆವ್ವವೊಂದು ಕೂತಿರುತ್ತದೆ. ಅದು ದಿನಕ್ಕೆ ಒಮ್ಮೆ ಬಾತ್‌ರೂಮಿಗೆ ಎದ್ದು ಹೋದಾಗ ಮಾತ್ರ ಜಾಗ ಖಾಲಿ. ಬಲವಂತವಾಗಿ ಎಬ್ಬಿಸಲು ಹೋದವರಿಗೆ ಶಾಪ. ಆ ದೆವ್ವ ಅಲ್ಲಿ ಕೂತು ಏನು ಮಾಡುತ್ತದೆ ಗೊತ್ತೇ? ಕಾದಂಬರಿ ಓದುತ್ತದೆ! ಯಾರೂ ಅದಕ್ಕೆ "ಇದರಿಂದ ನೌಕ್ರಿ ಸಿಗ್ತದೇನ" ಎಂದು ಕೇಳುವುದಿಲ್ಲ. ನನಗೆ ಆ ಪುಸ್ತಕದಲ್ಲಿ ಎಲ್ಲರಿಗಿಂತ ಹೆಚ್ಚು ಹಿಡಿಸಿದ್ದು ಆಕೆಯೇ.

ಅಳು ಬಂದದ್ದು ಹಿರಾಯಿಯ ಭಾಗ ಓದುವಾಗ. ಸೆಂಡೈನಲ್ಲಿ ಅಪ್ಪ-ಅವ್ವ ನಡೆಸುವ ವಸತಿಗೃಹದ ಹಿರಿ ಮಗಳು ಆಕೆ. ಅದನ್ನು ನೋಡಿಕೊಳ್ಳುವುದು ಬೇಡವೆಂದು ಟೋಕಿಯೊಗೆ ಬಂದು ನೆಲೆಸಿದ್ದಾಳೆ. ತಂಗಿ ಕುಮಿ ಮತ್ತೆ ಮತ್ತೆ ಬಂದು "ಮನೆಗೆ ಬಾ" ಎಂದು ಕರೆಯುತ್ತಾಳೆ. ಅಕ್ಕ ತಪ್ಪಿಸಿಕೊಳ್ಳುತ್ತಾಳೆ, ತಂಗಿ ಬಂದಳೆಂದರೆ ಅಡಗಿ ಕೂರುತ್ತಾಳೆ. ಅಂಥದ್ದೇ ಒಂದು ದಿನ ವಾಪಸ್ ಹೋಗುವಾಗ ತಂಗಿ ಅಪಘಾತದಲ್ಲಿ ಸಾಯುತ್ತಾಳೆ. ಕುರ್ಚಿಯಲ್ಲಿ ಕೂತು ಹಿಂದಕ್ಕೆ ಹೋದ ಹಿರಾಯಿಗೆ ಆಗ ತಿಳಿಯುವುದು, ತಂಗಿ ಕರೆಯುತ್ತಿದ್ದದ್ದು ತನ್ನ ಮೇಲಿನ ಭಾರ ಇಳಿಸಿಕೊಳ್ಳಲು ಅಲ್ಲ, ಅಕ್ಕನ ಜೊತೆ ಸೇರಿ ಆ ಮನೆ ನಡೆಸುವ ಆಸೆಯಿಂದ ಎಂದು. ನನ್ನ ಅಕ್ಕ ಇರುವುದು ಬೆಂಗಳೂರಲ್ಲಿ, ಖಾಸಗಿ ಕಂಪನಿಯಲ್ಲಿ. ಪುಸ್ತಕ ಮಡಚಿಟ್ಟು ರಾತ್ರಿ ಒಂಬತ್ತೂವರೆಗೆ ಫೋನ್ ಮಾಡಿದೆ. ಆಕೆ ಗಾಬರಿಯಾಗಿ, "ಏನಾಯ್ತು? ಅಪ್ಪಗ ಆರಾಮಿಲ್ಲೇನು?" ಅಂದಳು. "ಏನಿಲ್ಲ, ಸುಮ್ನ ಮಾಡೀನಿ" ಎಂದೆ. ಸ್ವಲ್ಪ ಹೊತ್ತು ಆಕೆಯೂ ಮಾತಾಡಲಿಲ್ಲ, ನಾನೂ ಮಾತಾಡಲಿಲ್ಲ. ನಮ್ಮ ಮನೆಯಲ್ಲಿ ಸುಮ್ಮನೆ ಫೋನ್ ಮಾಡುವ ರೂಢಿಯೇ ಇಲ್ಲ.

ಅಕ್ಕನೇ ಕಳಿಸಿದ ಇನ್ನೊಂದು, ಸಯಾಕಾ ಮುರಾಟಾ ಬರೆದ 'ಕನ್ವೀನಿಯನ್ಸ್ ಸ್ಟೋರ್ ವುಮನ್'. 2016ರಲ್ಲಿ ಜಪಾನಿನ ಅಕುತಗವಾ ಪ್ರಶಸ್ತಿ ಪಡೆದದ್ದು. ಕೇಕೊ ಎಂಬವಳಿಗೆ 36 ವರ್ಷ. 18 ವರ್ಷದಿಂದ ಒಂದೇ ಅಂಗಡಿಯಲ್ಲಿ ಪಾರ್ಟ್‌ಟೈಮ್ ಕೆಲಸ. ಆಕೆಗೆ ಆ ಕೆಲಸ ಇಷ್ಟ. ಆದರೆ ಸುತ್ತಲಿನವರಿಗೆ ಸಮಾಧಾನ ಇಲ್ಲ: ಮದುವೆ ಯಾವಾಗ, ಸರಿಯಾದ ನೌಕರಿ ಯಾವಾಗ? ಕಾಟ ತಪ್ಪಿಸಿಕೊಳ್ಳಲು ಒಬ್ಬ ಸೋಮಾರಿ, ಬಾಯಿಬಡುಕನನ್ನು ಮನೆಯಲ್ಲಿ ಇಟ್ಟುಕೊಳ್ಳುತ್ತಾಳೆ. ತಕ್ಷಣ ಎಲ್ಲರ ಮುಖ ಅರಳುತ್ತದೆ! ಆತ ಎಂಥವನೆಂದು ಯಾರಿಗೂ ಬೇಡ, ಗಂಡಸೊಬ್ಬ ಇದ್ದಾನಲ್ಲ, ಅಷ್ಟು ಸಾಕು. ಇದನ್ನು ಓದಿ ಬಸ್ಸಿನಲ್ಲೇ ಜೋರಾಗಿ ನಕ್ಕೆ. ಟೋಕಿಯೊ ಎಂದು ಬರೆದಿದೆ, ಆದರೆ ಇದು ನಮ್ಮೂರ ಯಾವ ಮದುವೆ ಮನೆಯಲ್ಲಿ ಬೇಕಾದರೂ ನಡೆಯುವಂಥದ್ದು. ಅಲ್ಲಿನವರ ಹೆಸರು ನಾಲಿಗೆಗೆ ಹೊರಳಲು ಎರಡು ದಿನ ಬೇಕು, ಅವರ ಚಿಕ್ಕಮ್ಮಂದಿರ ಗುರುತು ಹತ್ತಲು ಎರಡು ನಿಮಿಷ ಸಾಕು.

ಇನ್ನು ಹಾರರ್. ಇದಕ್ಕೆ ನಮ್ಮ ಮನೆಯಲ್ಲಿ ಮೊದಲು ಬೈದವಳು ಅವ್ವ. "ಹೆಣ್ಣುಡುಗಿ, ರಾತ್ರಿ ದೆವ್ವದ ಪುಸ್ತಕ ಓದ್ತೀ?" ಆದರೆ ಅಟ್ಟದ ಮೇಲಿನ ಟ್ರಂಕಿನಲ್ಲಿ ಅವ್ವನ ಹಳೇ ಸೀರೆಗಳ ಕೆಳಗೆ ಯಂಡಮೂರಿ ವೀರೇಂದ್ರನಾಥರ 'ತುಳಸಿದಳ' ಸಿಕ್ಕಿತು! ತೆಲುಗಿನಿಂದ ಕನ್ನಡಕ್ಕೆ ಬಂದು ಆ ಕಾಲದವರ ನಿದ್ದೆ ಕೆಡಿಸಿದ್ದ ಕಾದಂಬರಿ. ತುಳಸಿ ಎಂಬ ಪುಟ್ಟ ಹುಡುಗಿ, ಆಕೆಯ ಮೇಲೆ ಮಾಡಿಸಿದ ಮಾಟ, ಕಾಷ್ಮೋರ. ಮದುವೆಗೆ ಮುಂಚೆ ತವರಲ್ಲಿ ಕಂದೀಲು ಸಣ್ಣ ಮಾಡಿ ಕದ್ದು ಓದುತ್ತಿದ್ದಳಂತೆ. ಮದುವೆಯಾದ ಮೇಲೆ ಓದಿದ್ದು ಏನು ಎಂದು ಕೇಳಿದೆ. ರೇಷನ್ ಕಾರ್ಡ್, ಕರೆಂಟ್ ಬಿಲ್ ಎಂದಳು. ನಕ್ಕುಕೊಂಡೇ ಹೇಳಿದಳು, ನನಗೆ ನಗಲು ಆಗಲಿಲ್ಲ. ಈಗ ನಾವಿಬ್ಬರೂ ಸೇರಿ ರವಿ ಬೆಳಗೆರೆಯವರ 'ಮಾಟಗಾತಿ' ಹಿಡಿದಿದ್ದೇವೆ. ಆಕೆ ನನಗಿಂತ ಮುಂದಿದ್ದಾಳೆ.

ಜಪಾನಿಗರ ದೆವ್ವಗಳ ಪರಿಚಯ ಮಾಡಿಕೊಟ್ಟದ್ದು ಲಾಫ್ಕಾಡಿಯೊ ಹರ್ನ್. ಈತ ಹುಟ್ಟಿದ್ದು ಗ್ರೀಸ್ ದೇಶದ ಒಂದು ದ್ವೀಪದಲ್ಲಿ, 1890ರಲ್ಲಿ ಜಪಾನಿಗೆ ಹೋಗಿ ಅಲ್ಲಿಯವನೇ ಆಗಿಬಿಟ್ಟ. 1904ರಲ್ಲಿ ಬಂದ 'ಕ್ವೈದಾನ್' ಎಂಬ ಪುಸ್ತಕಕ್ಕೆ ಈಗ ಹಕ್ಕುಸ್ವಾಮ್ಯ ಇಲ್ಲ, ಮೊಬೈಲಿನಲ್ಲಿ ಪುಕ್ಕಟೆ ಸಿಗುತ್ತದೆ, ಬೇಕಾದವರು ಓದಬಹುದು. ಹರ್ನ್‌ಗೆ ಕಥೆ ಹೇಳುತ್ತಿದ್ದವಳು ಹೆಂಡತಿ ಸೆತ್ಸು. ಆಕೆ ಹಳೇ ಪುಸ್ತಕ ತಂದು ಓದಲು ಹೋದರೆ ಆತ ಬೇಡ ಅನ್ನುತ್ತಿದ್ದನಂತೆ: ಪುಸ್ತಕ ನೋಡದೆ ನಿನ್ನ ಮಾತಿನಲ್ಲೇ ಹೇಳು ಎಂದು. ಜಗತ್ತೆಲ್ಲ ಓದುವ ಆ ಪುಸ್ತಕದ ಹಿಂದೆ ರಾತ್ರಿ ದೀಪ ಸಣ್ಣ ಮಾಡಿ ಮನೆಯ ಮಾತಿನಲ್ಲಿ ಕಥೆ ಹೇಳಿದ ಹೆಂಗಸೊಬ್ಬಳಿದ್ದಾಳೆ.

ಆ ದೇಶದ ದೆವ್ವಗಳಲ್ಲಿ ನನ್ನನ್ನು ಹೆಚ್ಚು ಕಾಡಿದವಳು ಒಕಿಕು. ಮನೆಕೆಲಸದವಳು. ಹತ್ತು ತಟ್ಟೆಯಲ್ಲಿ ಒಂದು ಕಳೆಯಿತೆಂಬ ಆರೋಪದ ಮೇಲೆ ಪ್ರಾಣ ಹೋಗಿ ಬಾವಿ ಸೇರಿದವಳು. ರಾತ್ರಿ ಬಾವಿಯಿಂದ ಎಣಿಕೆ ಕೇಳುತ್ತದೆ, ಒಂದರಿಂದ ಒಂಬತ್ತರವರೆಗೆ, ಆಮೇಲೆ ಚೀರಾಟ. ಹಿಮೇಜಿ ಕೋಟೆಯಲ್ಲಿ ಇಂದಿಗೂ ಆಕೆಯ ಹೆಸರಿನ ಬಾವಿ ತೋರಿಸುತ್ತಾರೆ. ಓದುವಾಗ ನನಗೆ ಗಾಣಗಾಪುರ ನೆನಪಾಯಿತು. 'ಗಾಳಿ ಸೋಕಿದೆ' ಎಂದು ದತ್ತನ ಗುಡಿಗೆ ಕರೆದುಕೊಂಡು ಬಂದ ಹೆಂಗಸರು ಅಲ್ಲಿ ಕೂಗುವುದನ್ನು ಸಣ್ಣವಳಿದ್ದಾಗ ನೋಡಿದ್ದೆ, ಅವ್ವನ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದೆ. ಆಗ ಹೆದರಿದ್ದು ದೆವ್ವಕ್ಕೆ. ಈಗ ಆ ಕೂಗು ನೆನೆದರೆ ಆಕೆಯ ಮನೆಯಲ್ಲಿ ಎಷ್ಟು ತಟ್ಟೆಗಳ ಲೆಕ್ಕ ಬಾಕಿ ಇತ್ತೋ ಅನ್ನಿಸುತ್ತದೆ. ಸತ್ತ ಮೇಲೆ ಅಥವಾ 'ಮೈಮೇಲೆ ಬಂದಾಗ' ಮಾತ್ರ ಹೆಣ್ಣಿನ ಮಾತು ಊರಿಗೆ ಕೇಳುತ್ತದೆ, ಜಪಾನಿನಲ್ಲೂ, ಭೀಮಾ ದಂಡೆಯಲ್ಲೂ. ದೆವ್ವದ ಕಥೆ ಬರೀ ಟೈಂಪಾಸ್ ಅನ್ನುವವರು ಒಮ್ಮೆ ಒಕಿಕುವಿನ ಜೊತೆ ಒಂಬತ್ತರವರೆಗೆ ಎಣಿಸಿ ನೋಡಬೇಕು.

ನನ್ನ ಒಂದೇ ಹೊಟ್ಟೆಯುರಿ ಏನೆಂದರೆ, ಸೆತ್ಸು ಹೇಳಿದಂತೆ ನಮ್ಮ ಮನೆಯ ಮಾತಿನಲ್ಲಿ ದೆವ್ವದ ಕಥೆ ಅಚ್ಚಾದದ್ದು ನನ್ನ ಕೈಗೆ ಸಿಕ್ಕಿಲ್ಲ. ನಾನು ಓದಿದ ಹಾರರ್ ಕಥೆಗಳ ದೆವ್ವಗಳೆಲ್ಲ ಶುದ್ಧ ಪುಸ್ತಕದ ಕನ್ನಡ ಮಾತಾಡುತ್ತವೆ, ಮಲೆನಾಡಿನ ಬಂಗಲೆಯಲ್ಲಿ, ಧೋ ಎಂದು ಸುರಿಯುವ ಮಳೆಯಲ್ಲಿ ಬರುತ್ತವೆ. ನಮ್ಮಲ್ಲಿ ಅಷ್ಟು ಮಳೆಯೂ ಇಲ್ಲ, ಬಂಗಲೆಯೂ ಇಲ್ಲ. ಇರುವುದು ತೊಗರಿ ಹೊಲ, ಕೆಂಪು ಬಾಳೆಯ ತೋಟ, ಮರಗುತ್ತಿ ಹತ್ತಿರದ ರೈಲಿನ ಸುರಂಗ, ಮಟಮಟ ಮಧ್ಯಾಹ್ನದ ಖಾಲಿ ರಸ್ತೆ. ಹೆದರಿಸಲು ಇಷ್ಟು ಸಾಲದೇ? ಗೀತಾ ನಾಗಭೂಷಣ ನಮ್ಮ ಮಾತಿನಲ್ಲಿ ಬದುಕನ್ನೇ ಬರೆದು ತೋರಿಸಿದ್ದಾರೆ. ಅದರಲ್ಲಿ ಒಂದು ದೆವ್ವ ಹಿಡಿಸದೇ ಹೋದೀತೇ?

ಹೋದ ಬೇಸಿಗೆಯಲ್ಲಿ ಕರೆಂಟ್ ಹೋದ ಒಂದು ರಾತ್ರಿ, ಮಾಳಿಗೆ ಮೇಲೆ ಮಲಗಿದ್ದಾಗ, 'ಕ್ವೈದಾನ್'ನಲ್ಲಿನ ಹಿಮದ ಹೆಣ್ಣಿನ ಕಥೆಯನ್ನು ಆಯಿಗೆ ಹೇಳಿದೆ. ಇಬ್ಬರು ಕಟ್ಟಿಗೆ ಕಡಿಯುವವರು ಹಿಮ ಬೀಳುವ ರಾತ್ರಿ ಗುಡಿಸಲಲ್ಲಿ ಮಲಗಿರುತ್ತಾರೆ. ಬಿಳಿ ಹೆಣ್ಣೊಂದು ಬಂದು ಮುದುಕನ ಮೇಲೆ ಉಸಿರು ಬಿಡುತ್ತಾಳೆ, ಆತ ಸಾಯುತ್ತಾನೆ. ಯಾರಿಗೂ ಹೇಳಬೇಡ ಎಂದು ಹುಡುಗನನ್ನು ಬಿಡುತ್ತಾಳೆ. ಮುಂದೆ ಆತ ಒಬ್ಬಳನ್ನು ಮದುವೆಯಾಗುತ್ತಾನೆ, ಹತ್ತು ಮಕ್ಕಳಾದರೂ ಆಕೆ ಮುಪ್ಪಾಗುವುದಿಲ್ಲ, ಊರೆಲ್ಲ ಬೆರಗಾಗುತ್ತದೆ. ಒಂದು ರಾತ್ರಿ ಆತ ಮಾತಿನ ಭರದಲ್ಲಿ ಆ ಹಳೇ ಗುಟ್ಟು ಹೇಳಿಬಿಡುತ್ತಾನೆ. ಅದು ನಾನೇ ಎಂದು ಎದ್ದವಳು, ಮಕ್ಕಳ ಮುಖ ನೋಡಿ ಆತನನ್ನು ಕೊಲ್ಲದೆ, ಮಂಜಾಗಿ ಕರಗಿ ಹೋಗುತ್ತಾಳೆ.

ಆಯಿ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: "ಹತ್ತು ಮಕ್ಕಳು ಹಡದಾಳ, ಮುಪ್ಪಾಗಿಲ್ಲ ಅಂತ ಊರೆಲ್ಲ ನೋಡ್ಯಾರ. 'ದಣದೀ ಏನವ್ವಾ' ಅಂತ ಒಬ್ಬರರ ಕೇಳ್ಯಾರೇನು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಮರುದಿನ ಸಂಜೆ ಕಟ್ಟೆಯ ಮೇಲೆ ಓಣಿಯ ಹುಡುಗರನ್ನು ಕೂಡಿಸಿಕೊಂಡು ಆಯಿ ಅದೇ ಕಥೆ ಹೇಳುತ್ತಿದ್ದಳು. ಹಿಮ ಹೋಗಿ ಬ್ಯಾಸಗಿ ಬಂದಿತ್ತು. ಕಟ್ಟಿಗೆ ಕಡಿಯುವವರು ಬಾಳೆ ತೋಟಕ್ಕೆ ಕೂಲಿಗೆ ಹೊರಟವರಾಗಿದ್ದರು. ಮಧ್ಯಾಹ್ನ ಬನ್ನಿ ಗಿಡದ ಕೆಳಗೆ ಮಲಗಿದ್ದಾಗ ಬಿಸಿಲಿನಂಥ ಹೆಣ್ಣು ಬಂದು ಮುದುಕನ ಮೇಲೆ ಉಸಿರು ಬಿಟ್ಟಳು, ಆತ ಬಿಸಲು ಬಡಿದು ಸತ್ತ. ಮೇ ತಿಂಗಳ ಬಿಸಿಲು ಕಂಡ ಮಕ್ಕಳು ಒಬ್ಬರೂ ಮಿಸುಕಲಿಲ್ಲ. ಕಥೆ ಮುಗಿಯುವ ಹೊತ್ತಿಗೆ ಆಯಿಯ ಬಿಸಲವ್ವ ಹತ್ತು ಮಕ್ಕಳನ್ನೂ ಗಂಡನ ಕೈಗೆ ಕೊಟ್ಟು, "ಈಗ ನೀ ನೋಡ್ಕೋ" ಎಂದು ನಡೆದೇಬಿಟ್ಟಿದ್ದಳು.

ಮುಂದೆ ಆಯಿಗೆ ಎಡೊಗವಾ ರಾಂಪೊನ ಕಥೆಯೊಂದನ್ನು ಹೇಳಬೇಕೆಂದಿದ್ದೇನೆ. ಎಡ್ಗರ್ ಅಲನ್ ಪೋ ಎಂಬ ಹೆಸರನ್ನೇ ಜಪಾನೀ ಬಾಯಲ್ಲಿ ಉರುಳಿಸಿ ತನಗಿಟ್ಟುಕೊಂಡ ಲೇಖಕ ಈತ. 1925ರಲ್ಲಿ ಬರೆದ ಆ ಕಥೆಯಲ್ಲಿ ಕುರ್ಚಿ ಮಾಡುವವನೊಬ್ಬ ತಾನೇ ಮಾಡಿದ ದೊಡ್ಡ ಕುರ್ಚಿಯೊಳಗೆ ಅಡಗಿ ಕೂರುತ್ತಾನೆ. ಓದಿದ ಮೇಲೆ ಓದುವ ಕೋಣೆಯಲ್ಲಿ ಎರಡು ದಿನ ನಾನು ಕುರ್ಚಿಯ ಅಂಚಿನಲ್ಲೇ ಕೂತಿದ್ದೆ. ಆಯಿ ಇದನ್ನು ಹೇಗೆ ತಿರುಗಿಸುತ್ತಾಳೋ ಗೊತ್ತಿಲ್ಲ. ನಮ್ಮ ಮನೆಯಲ್ಲಿ ಇರುವುದು ಒಂದೇ ಕುರ್ಚಿ, ಅದೂ ಪ್ಲಾಸ್ಟಿಕ್ಕಿನದು.