ಜತೆಗಾಡಿಯವನ ಪಾಲು

ದೂರದ ಸೈಕಲ್ ಪಯಣ ಮುಗಿಸಿ ಬಂದವರಿಗೆ ಊರಲ್ಲಿ ಹಾರ ಬೀಳುತ್ತದೆ, ಪತ್ರಿಕೆಯಲ್ಲಿ ಫೋಟೊ ಬರುತ್ತದೆ. ನೀರು, ಊಟ, ಬಿಡಿ ಟ್ಯೂಬು ಹೇರಿಕೊಂಡು ಅಷ್ಟೂ ದೂರ ಜತೆಗೆ ಗಾಡಿ ಓಡಿಸಿದ ಚಾಲಕನ ಹೆಸರು ಆ ವರದಿಯಲ್ಲಿ ಬರುವುದು ಅಪರೂಪ. ಇನ್ನೊಂದು ಕಡೆ, ‘ಹಿಂದ ಗಾಡಿ ಇತ್ತಲ್ಲ, ಅದರಾಗ ಏನ್ ದೊಡ್ಡದು?’ ಎಂದು ಸವಾರನ ಶ್ರಮವನ್ನೇ ತಳ್ಳಿಹಾಕುವವರೂ ಇದ್ದಾರೆ. ಎರಡರ ಬುಡದಲ್ಲೂ ಇರುವುದು ಒಂದೇ ನಂಬಿಕೆ: ಸಾಧನೆ ಒಬ್ಬನದೇ ಆಗಿರಬೇಕು, ನೆರವು ಸೇರಿದಷ್ಟೂ ಅದರ ತೂಕ ಇಳಿಯುತ್ತದೆ. ಈ ನಂಬಿಕೆ ತಪ್ಪು ಎಂಬುದು ನನ್ನ ವಾದ.

ಸೈಕಲ್ ಲೋಕ ಈ ಪ್ರಶ್ನೆಯನ್ನು ನೂರು ವರ್ಷಕ್ಕೂ ಮೇಲ್ಪಟ್ಟು ಜಗ್ಗಾಡುತ್ತ ಬಂದಿದೆ. 1913ರ ಟೂರ್ ಡಿ ಫ್ರಾನ್ಸ್‌ನಲ್ಲಿ ಯೂಜೀನ್ ಕ್ರಿಸ್ಟೋಫ್ ಎಂಬ ಸವಾರ ಟೂರ್‌ಮಲೆ ಘಟ್ಟ ಇಳಿಯುವಾಗ ಅವನ ಸೈಕಲ್ಲಿನ ಮುಂದಿನ ಫೋರ್ಕ್ ಮುರಿಯಿತು. ಹೊರಗಿನ ನೆರವು ಪಡೆಯುವಂತಿಲ್ಲ ಎಂಬುದು ಆಗಿನ ನಿಯಮ. ಸೈಕಲ್ಲನ್ನು ಹೆಗಲಿಗೇರಿಸಿ ಮೈಲಿಗಟ್ಟಲೆ ನಡೆದು ಕೆಳಗಿನ ಹಳ್ಳಿಯ ಕಮ್ಮಾರಸಾಲೆಗೆ ಬಂದ. ಅಧಿಕಾರಿಗಳು ನೋಡುತ್ತ ನಿಂತಿರುವಾಗ ತಾನೇ ಕಬ್ಬಿಣ ಕಾಸಿ ಬೆಸೆದ. ಆದರೆ ತಿದಿ ಒತ್ತಿದವನು ಒಬ್ಬ ಪುಟ್ಟ ಹುಡುಗ. ಅಷ್ಟಕ್ಕೇ ಕ್ರಿಸ್ಟೋಫನ ಲೆಕ್ಕಕ್ಕೆ ದಂಡದ ನಿಮಿಷಗಳು ಸೇರಿದವು. ನಿಯಮದ ಹಟ ಎಲ್ಲಿಗೆ ಮುಟ್ಟಬಹುದೆಂದು ತೋರಿಸಲು ಇದೊಂದೇ ಸಾಕು.

ಇದರ ಎದುರು ತುದಿಯಲ್ಲಿ ಅಮೆರಿಕವನ್ನು ಅಡ್ಡಲಾಗಿ ದಾಟುವ ‘ರೇಸ್ ಅಕ್ರಾಸ್ ಅಮೆರಿಕ’ ಇದೆ. ಒಬ್ಬಂಟಿ ಸವಾರರು ಸುಮಾರು 4,800 ಕಿಲೋಮೀಟರನ್ನು ಸುಮಾರು 12 ದಿನದಲ್ಲಿ ಮುಗಿಸಬೇಕು. ಅಲ್ಲಿ ಬೆಂಬಲ ತಂಡ ಕಡ್ಡಾಯ. ಇರುಳಲ್ಲಿ ವಾಹನ ಸವಾರನ ಬೆನ್ನಿಗೇ ಇರಬೇಕು. 2017ರಲ್ಲಿ ಸೇನಾ ವೈದ್ಯ ಶ್ರೀನಿವಾಸ್ ಗೋಕುಲನಾಥ್ ಒಬ್ಬಂಟಿ ಸವಾರರ ವಿಭಾಗದಲ್ಲಿ ಅದನ್ನು ಮುಗಿಸಿದ ಮೊದಲ ಭಾರತೀಯರಾದರು. ತಂಡವಿತ್ತೆಂದು ಆ ಸಾಧನೆಯನ್ನು ಯಾರೂ ಕಿರಿದು ಮಾಡಲಾರರು.

ಗೊತ್ತಾದ ಸಮಯದೊಳಗೆ ದೂರ ಮುಗಿಸುವ ‘ಬ್ರೆವೆ’ ಸವಾರಿ ಮಾಡುವವರ ಆಕ್ಷೇಪಕ್ಕೆ ಮಾತ್ರ ಗೌರವದಿಂದ ಉತ್ತರಿಸಬೇಕು. ಜತೆಗಾಡಿ ಇದ್ದರೆ ಅದು ಸ್ವಂತ ಬಲದ ಸವಾರಿಯಲ್ಲ ಎಂಬುದು ಅವರ ಮಾತು. 200 ಕಿ.ಮೀ.ಗೆ ಹದಿಮೂರೂವರೆ ತಾಸು, 600ಕ್ಕೆ 40 ತಾಸು. ತಪಾಸಣಾ ಠಾಣೆಗಳ ಹೊರತು ದಾರಿಯಲ್ಲಿ ತನ್ನ ವಾಹನದ ನೆರವು ಕೂಡದು. ಈ ಶಿಸ್ತು ದೊಡ್ಡದು. ಆದರೆ ಆ ಸವಾರನೂ ಅಣ್ಣಿಗೇರಿಯ ಚಹಾದಂಗಡಿಯಲ್ಲಿ ಕೂಡುತ್ತಾನೆ, ನವಲಗುಂದದ ಪಂಕ್ಚರ್ ಅಂಗಡಿಯಲ್ಲಿ ಗಾಳಿ ತುಂಬಿಸುತ್ತಾನೆ, ಹೊಲದವರು ಕೊಟ್ಟ ನೀರು ಕುಡಿಯುತ್ತಾನೆ. ಅವನೂ ನೆರವು ಪಡೆದೇ ಮುಂದೆ ಸಾಗುತ್ತಾನೆ. ಮೊದಲೇ ಗೊತ್ತುಮಾಡಿದ ನೆರವಲ್ಲ, ಅಷ್ಟೇ.

ಹಾಗಾದರೆ ಗೆರೆ ಎಲ್ಲಿ? ಸವಾರನ ಕಾಲು ತುಳಿಯಬೇಕಾದ ದೂರವನ್ನು ಬೇರಾರೂ ತುಳಿದುಕೊಡಲಾಗದು. ಏರು ಬಂದಾಗ ಸೈಕಲ್ಲನ್ನು ಗಾಡಿಗೆ ಹಾಕಿ, ಇಳಿಜಾರಿನಲ್ಲಿ ಇಳಿಸಿಕೊಂಡು, ಪೂರ್ತಿ ತುಳಿದೆನೆಂದು ಹೇಳಿದರೆ ಅದು ಸುಳ್ಳು. ಸಾಧನೆ ಕೆಡುವುದು ನೆರವು ಪಡೆದದ್ದರಿಂದಲ್ಲ, ಅದನ್ನು ಮುಚ್ಚಿಟ್ಟದ್ದರಿಂದ.

ಜತೆಗಾಡಿಯವನ ಕೆಲಸ ಎಂಥದೆಂದು ತಿಳಿಯಲು ನಮ್ಮ ಧಾರವಾಡ ಜಿಲ್ಲೆಯ ರಸ್ತೆಗಳೇ ಸಾಕು. ಹುಬ್ಬಳ್ಳಿಯಿಂದ ನವಲಗುಂದ, ಅಣ್ಣಿಗೇರಿ ಎರಡೂ ಸುಮಾರು 35 ಕಿ.ಮೀ. ದಾರಿಯುದ್ದಕ್ಕೂ ಎರೆಭೂಮಿ, ಹೆಸರು, ಕಡಲೆ, ಹತ್ತಿ, ಜೋಳದ ಬಯಲು, ನೆರಳು ಕಡಿಮೆ. ಮುಂಗಾರಿನ ಪಡುವಣ ಗಾಳಿಗೆ ಎದುರಾಗಿ ಗದಗ ಕಡೆಯಿಂದ ಬರುವವನು ಸಪಾಟು ರಸ್ತೆಯಲ್ಲೂ ಗಿಯರ್ ಇಳಿಸಬೇಕು. ಮಳೆ ಹಿಡಿದರೆ ಒಳದಾರಿಯ ಎರೆಮಣ್ಣು ಟೈರಿಗೂ ಬ್ರೇಕಿಗೂ ನಡುವೆ ಮೆತ್ತಿ ಗಾಲಿಯೇ ತಿರುಗದು. ಬೆಣ್ಣೆಹಳ್ಳ ತುಂಬಿದರೆ ದಾರಿಯೇ ಕಡಿಯುತ್ತದೆ. ಸುಗ್ಗಿಯಲ್ಲಿ ಡಾಂಬರಿನ ಮೇಲೇ ಕಾಳು ಹರವಿರುತ್ತಾರೆ. ಕಲಘಟಗಿ ಕಡೆ ತಿರುಗಿದರೆ ಭತ್ತದ ಗದ್ದೆ, ಏರಿಳಿತ, ಯಲ್ಲಾಪುರದತ್ತ ಸಾಗುವ ಲಾರಿಗಳು. ಇದನ್ನೆಲ್ಲ ಮುಂದಾಗಿ ನೋಡಿ ಸವಾರನಿಗೆ ತಿಳಿಸಬೇಕು. ಹಗಲು ಮುಂದೆ ಹೋಗಿ ರಸ್ತೆ ಬಿಟ್ಟು ನಿಂತು ಕಾಯಬೇಕು, ಇರುಳು ಹಿಂದೆಯೇ ಸಾಗುತ್ತ ಬೆಳಕು ಹಿಡಿಯಬೇಕು.

ಜಾಲಿಮುಳ್ಳು ಚುಚ್ಚಿತೆನ್ನಿ. ಬಲ್ಲವನು ಬಕೆಟ್ ನೀರಿನಲ್ಲಿ ಟ್ಯೂಬನ್ನು ಗೇಣು ಗೇಣಾಗಿ ಅದ್ದುತ್ತ ಗುಳ್ಳೆ ಏಳುವ ಜಾಗ ಹಿಡಿಯುತ್ತಾನೆ. ಒರೆಸಿ, ಉಜ್ಜಿ, ಸೊಲ್ಯೂಷನ್ ಹಚ್ಚಿ, ಅದು ಆರುವ ತನಕ ಕಾದು ಪ್ಯಾಚ್ ಒತ್ತುತ್ತಾನೆ. ಅಲ್ಲಿಗೇ ಬಿಡದೆ ಟೈರಿನ ಒಳಮೈ ಮೇಲೆ ಬೆರಳಾಡಿಸಿ, ಮುರಿದು ಕೂತ ಮುಳ್ಳಿನ ಮೊನೆ ಹುಡುಕಿ ಕೀಳುತ್ತಾನೆ. ಆ ಮೊನೆ ಉಳಿದರೆ ಸ್ವಲ್ಪ ದೂರದಲ್ಲೇ ಮತ್ತೆ ಪಂಕ್ಚರ್. ಇದು ಬರೀ ಸ್ಟಿಯರಿಂಗ್ ಹಿಡಿಯುವ ಕೆಲಸವಲ್ಲ. ಕಣ್ಣು, ಕೈ, ತಾಳ್ಮೆ ಮೂರೂ ಬೇಡುವ ಕಸುಬು.

ಹಂಚಿಕೊಂಡ ಸಾಧನೆಯನ್ನು ಗೌರವಿಸುವುದು ನಮಗೆ ಹೊಸದೇನಲ್ಲ. ಕುಂದಗೋಳ ಸವಾಯಿ ಗಂಧರ್ವರ ಊರು. ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ ಅವರ ಬಳಿ ಕಲಿತವರು. ಅಲ್ಲಿನ ಸಂಗೀತ ಕಛೇರಿಯಲ್ಲಿ ಗಾಯಕರ ಜತೆಗೆ ತಬಲಾ, ಹಾರ್ಮೋನಿಯಂ ನುಡಿಸುವವರ ಹೆಸರನ್ನೂ ಹೇಳುತ್ತಾರೆ. ತಬಲಾ ಇತ್ತೆಂದು ಖಯಾಲ್ ಗಾಯಕರದಲ್ಲ ಎಂದು ಯಾರೂ ಅನ್ನುವುದಿಲ್ಲ. ರಸ್ತೆಯ ಮೇಲೂ ಇದೇ ನ್ಯಾಯ ಸಲ್ಲಬೇಕು.

ಹೆಸರಷ್ಟೇ ಸಾಲದು. ಸವಾರ ತನ್ನ ಆಸೆಗೆ ನಿದ್ದೆಗೆಡುತ್ತಾನೆ. ಚಾಲಕ ಬಹುಪಾಲು ಬಾಡಿಗೆಗೆ ಬಂದವನು. ತಾಸುಗಟ್ಟಲೆ ಎರಡನೇ ಗಿಯರಿನಲ್ಲಿ ಕ್ಲಚ್ ತುಳಿದ ಕಾಲಿನ ನೋವನ್ನು ಯಾವ ಪ್ರಮಾಣಪತ್ರವೂ ದಾಖಲಿಸುವುದಿಲ್ಲ. ವೃತ್ತಿಚಾಲಕರಿಗೆ ದಿನಕ್ಕೆ 8 ತಾಸಿನ ಮಿತಿಯನ್ನು 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯೇ ಹಾಕಿತ್ತು. ಸಾಹಸದ ಹೆಸರಿನಲ್ಲಿ ಆ ತತ್ವವನ್ನು ಗಾಳಿಗೆ ತೂರಲಾಗದು. ಕಣ್ಣು ಎಳೆಯುವ ಚಾಲಕ ಸವಾರನ ಪ್ರಾಣಕ್ಕೂ ಎದುರಿಗೆ ಬರುವವರ ಪ್ರಾಣಕ್ಕೂ ಅಪಾಯ.

ಆದ್ದರಿಂದ ಇಂಥ ಪಯಣ ಹೊರಡುವವರು ಇಬ್ಬರು ಚಾಲಕರನ್ನು ಗೊತ್ತುಮಾಡಲಿ, ಇಲ್ಲವೇ ಒಬ್ಬ ಚಾಲಕ ತಾಳುವಷ್ಟಕ್ಕೇ ದಿನದ ದೂರ ಇಳಿಸಲಿ. ಕೂಲಿ, ಊಟ, ಮಲಗುವ ಜಾಗ ಮೊದಲೇ ತೀರ್ಮಾನವಾಗಲಿ. ಸನ್ಮಾನದ ವೇದಿಕೆಯಲ್ಲಿ, ವರದಿಯಲ್ಲಿ ಅವನ ಹೆಸರು ಸವಾರನ ಹೆಸರಿನ ಪಕ್ಕದಲ್ಲಿರಲಿ. ಇದರಿಂದ ಸವಾರ ತುಳಿದ ದೂರ ಒಂದು ಮಾರೂ ಕಡಿಮೆಯಾಗದು. ಯಾರನ್ನು ನಂಬಿ ಹೊರಟೆ ಎಂದು ಎಲ್ಲರೆದುರು ಹೇಳಬಲ್ಲವನ ಸಾಧನೆಯನ್ನು ಊರೂ ನಂಬುತ್ತದೆ.